ಖಾಲಿ ಬಟ್ಟಲಿನ ದೊಡ್ಡಮ್ಮ

ಅವರ ಬಲ ಅಂಗೈ ಕಪ್ಪು. ಹುಟ್ಟಿನಿಂದ ಬಂದ ಕಪ್ಪಲ್ಲ, ಇದ್ದಿಲಿನ ಕಪ್ಪು. ಊದುಬತ್ತಿ ಹೊಸೆದು ಹೊಸೆದು ಆ ಮಸಿ ಅಂಗೈಯ ಗೆರೆಗಳೊಳಗೆ ಇಳಿದುಬಿಟ್ಟಿತ್ತು. ಸೀಗೆಪುಡಿ ಹಾಕಿ ತಿಕ್ಕಿದರೂ ಅಷ್ಟೇ, ಹುಣಿಸೇಹಣ್ಣು ಹಚ್ಚಿ ಉಜ್ಜಿದರೂ ಅಷ್ಟೇ. ಕಣಿ ಹೇಳುವವಳೊಬ್ಬಳು ನಮ್ಮ ಬೀದಿಗೆ ಬಂದಾಗ ಅವರ ಕೈ ಹಿಡಿದು, "ಗೆರೆ ಎಷ್ಟು ಚೆನ್ನಾಗಿ ಕಾಣ್ತವೆ ತಾಯಿ!" ಎಂದಿದ್ದಳು. "ಕಾಣ್ದೆ ಏನು, ದಿನಾ ಮಸಿ ಹಚ್ಚಿ ತಿದ್ದಿದೀನಲ್ಲ," ಎಂದು ಇವರು ನಕ್ಕಿದ್ದರು.

ಆ ಕೈಯಿಂದಾಗಿ ಅವರು ಯಾರ ಮನೆಯ ಹಾಲು ಮೊಸರನ್ನೂ ಮುಟ್ಟುತ್ತಿರಲಿಲ್ಲ. ಸಂಜೆ ದೀಪ ಹಚ್ಚುವ ಮುಂಚೆ, ಎಡಗೈಗೆ ಸೆರಗಿನ ತುದಿ ಸುತ್ತಿಕೊಂಡು, ಅದರಲ್ಲಿ ಒಂದು ಖಾಲಿ ಬಟ್ಟಲು ಹಿಡಿದು ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದರು. "ಒಂದು ಚಮಚ ಹೆಪ್ಪು ಇದ್ಯೇನೇ? ನೀನೇ ಹಾಕಮ್ಮ. ನನ್ನ ಕೈ ತಾಗಿದ್ರೆ ನಿಮ್ಮನೆ ಮೊಸರೆಲ್ಲ ದೇವರ ಮನೆ ಥರ ಘಮ್ ಅನ್ನುತ್ತೆ."

ಬೀದಿಯ ಮೂಲೆಯಲ್ಲಿ, ನಲ್ಲಿಯ ಪಕ್ಕದಲ್ಲಿ ಅವರ ಮನೆ. ಎಲ್ಲರಿಗೂ ಅವರು ಮೂಲೆಮನೆ ದೊಡ್ಡಮ್ಮ. ಗಂಡ ಕಾರ್ಖಾನೆಯಲ್ಲಿದ್ದವರು, ನಾನು ಬರುವ ಮೊದಲೇ ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ. ನೆಂಟರಿಷ್ಟರೂ ಬಂದದ್ದನ್ನು ನಾನು ಕಾಣೆ.

ನಾನು ಮದುವೆಯಾಗಿ ತಿಪಟೂರಿನ ಕಡೆಯಿಂದ ರಾಜಾಜಿನಗರಕ್ಕೆ ಬಂದದ್ದು ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ. ಕಾರ್ಖಾನೆಯ ಕೆಲಸಗಾರರ ಪುಟ್ಟ ಮನೆಗಳ ಎರಡು ಸಾಲು, ನಡುವೆ ಮಣ್ಣಿನ ಬೀದಿ. ಕುರುಬರಹಳ್ಳಿ ಕಡೆ ತಿರುಗಿ ನೋಡಿದರೆ ಆಗಿನ್ನೂ ರಾಗಿ ಹೊಲ ಕಾಣುತ್ತಿತ್ತು. ನಮ್ಮ ಬಾಗಿಲಿಗೆ ಸರಿಯಾಗಿ ಎದುರು ಸಾಲಿನಲ್ಲಿ ನನ್ನ ಒಡಹುಟ್ಟಿದ ಅಕ್ಕನ ಮನೆ. ಭಾವನಿಗೂ ನಮ್ಮ ಯಜಮಾನರಿಗೂ ಒಂದೇ ಕಾರ್ಖಾನೆ, ಒಂದೇ ಶಿಫ್ಟು. ಭಾವನೇ ಮುಂದೆ ನಿಂತು ನಮ್ಮ ಸಂಬಂಧ ಕೂಡಿಸಿದ್ದರು. "ಹೆಣ್ಮಕ್ಕಳಿಬ್ರೂ ಎದುರುಬದುರು ಇರ್ತಾರೆ, ಇನ್ನೇನು ಬೇಕು ನಂಗೆ," ಎಂದು ನಮ್ಮಮ್ಮ ಊರೆಲ್ಲ ಹೇಳಿಕೊಂಡು ತಿರುಗಿದ್ದಳು. ಇಬ್ಬರಿಗೂ ಒಂದೇ ಅಚ್ಚಿನ ಸ್ಟೀಲ್ ಬಟ್ಟಲು ಕೊಟ್ಟು ಕಳಿಸಿದ್ದಳು. ಆ ಕಾಲಕ್ಕೆ ಸ್ಟೀಲ್ ಅಂದರೆ ದೊಡ್ಡ ಮಾತು.

ನನಗೆ ಮೂಗಿನ ತುದಿಯಲ್ಲೇ ಕೋಪ. ಬಂದ ಹೊಸದರಲ್ಲಿ ಈ ಹೆಂಗಸು ದಿನಕ್ಕೊಂದು ಮನೆಗೆ ಬಟ್ಟಲು ಹಿಡಿದು ಹೋಗುವುದನ್ನು ನೋಡಿ ಅಕ್ಕನಿಗೆ ಹೇಳಿದ್ದೆ, "ಎಂಥಾ ಬೇಡೋ ಚಾಳಿನೇ ಇದು? ಇವತ್ತಿನ ಮೊಸರಲ್ಲಿ ನಾಳೆಗೆ ಒಂದು ಚಮಚ ಎತ್ತಿಡೋಕೆ ಏನು ರೋಗ?"

ಅಕ್ಕ ಬಾಯಿ ಮುಚ್ಚುವಂತೆ ಸನ್ನೆ ಮಾಡುವಷ್ಟರಲ್ಲಿ ಹಿಂದಿನಿಂದ ನಗು ಕೇಳಿಸಿತು. ದೊಡ್ಡಮ್ಮ ಬಟ್ಟಲು ಹಿಡಿದು ನಿಂತಿದ್ದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವರು ಮಾತ್ರ ಹೊಸ್ತಿಲ ಮೇಲೆ ಕೂತು, ಪಾಠ ಹೇಳುವವರ ಹಾಗೆ ಹೇಳಿದರು:

"ಕೊಡೋಕೆ ಹೋದ್ರೆ ಜನ ಅನುಮಾನ ಪಡ್ತಾರೆ ಕಣೇ. ಯಾಕೆ ಕೊಟ್ಲು, ಏನು ಬೇಕಾಗಿತ್ತು ಇವಳಿಗೆ ಅಂತಾರೆ. ಕೇಳೋಕೆ ಹೋಗು. ಕೇಳೋರ ಮುಂದೆ ಎಲ್ರೂ ದೊಡ್ಡೋರಾಗ್ತಾರೆ. ಬಾಗಿಲು ತಾನೇ ತೆಗೆಯುತ್ತೆ."

ಅತ್ತೆ ಸೊಸೆ ಮುಖ ತಿರುಗಿಸಿಕೊಂಡಿದ್ದರೆ ಅವರು ಅತ್ತೆಯಿಂದ ಹೆಪ್ಪು ಕೇಳಿ, "ಅಯ್ಯೋ ನಂಗೆ ಜಾಸ್ತಿ ಆಯ್ತು," ಎಂದು ಸೊಸೆಯ ಬಟ್ಟಲಿಗೆ ಬಗ್ಗಿಸಿ ಬರುತ್ತಿದ್ದರು. ಯಾರಾದರೂ ಚಾಡಿ ಹೇಳಿ ಸಂಸಾರದಲ್ಲಿ ಹುಳಿ ಹಿಂಡಿದರು ಎಂಬ ಮಾತು ಬಂದರೆ ಅವರದೊಂದು ಸಿದ್ಧ ಉತ್ತರವಿತ್ತು. "ಹುಳಿ ಹಿಂಡಿದ್ರೆ ಹಾಲು ಒಡೆಯುತ್ತೆ. ಹೆಪ್ಪು ಹಾಕಿದ್ರೆ ಕೂಡುತ್ತೆ. ಹೆಪ್ಪೂ ಹುಳೀನೇ ತಾನೆ? ಹಾಕೋ ಅಳತೆ ಗೊತ್ತಿರ್ಬೇಕು, ಅಷ್ಟೇ."

ಆ ಮಾತನ್ನು ನಾನು ಆಗ ಅಡುಗೆಮನೆಯ ಮಾತು ಎಂದುಕೊಂಡು ಸುಮ್ಮನಾಗಿದ್ದೆ.

ನಾನು ಮೂರು ತಿಂಗಳ ಬಸುರಿಯಾಗಿದ್ದಾಗ ಕಾರ್ಖಾನೆಯಲ್ಲಿ ಮುಷ್ಕರ ಶುರುವಾಯಿತು. ನಮ್ಮ ಯಜಮಾನರು ಗೇಟಿನ ಹೊರಗೆ ಕೂತರು. ಭಾವ ಮೊದಲು ಕೂತವರು, ಆಮೇಲೆ ಅವರ ತಾಯಿ ಹಾಸಿಗೆ ಹಿಡಿದು ಔಷಧಿಗೆ ದಾರಿಯಿಲ್ಲದಾದಾಗ ಕೆಲಸಕ್ಕೆ ಒಳಗೆ ಹೋದರು. ಬೀದಿಯಲ್ಲಿ ಅರ್ಧ ಜನ ಹಾಗೇ ಹೋದರು. ಅಲ್ಲಿಂದ ನಮ್ಮ ಬೀದಿಗೆ ಎರಡು ಜಾತಿ ಹುಟ್ಟಿದವು: ಒಳಗಿನವರು, ಹೊರಗಿನವರು.

ಒಂದು ಬೆಳಿಗ್ಗೆ ಗೇಟಿನಲ್ಲಿ ಕಲ್ಲು ಬಿತ್ತು. ಅದು ಭಾವನ ಹುಬ್ಬಿಗೆ ತಾಗಿ ಹೊಲಿಗೆ ಹಾಕಬೇಕಾಯಿತು. ಎಸೆದದ್ದು ನಮ್ಮ ಯಜಮಾನರೇ ಎಂದು ಒಳಗಿನವರು ಅಂದರು. ವಾರದೊಳಗೆ ಮುಷ್ಕರ ಮುಗಿಯಿತು, ಆದರೆ ನಮ್ಮ ಯಜಮಾನರೂ ಇನ್ನು ಕೆಲವರೂ ಸಸ್ಪೆಂಡ್ ಆದರು. ಹೆಸರು ಕೊಟ್ಟದ್ದು ಭಾವನೇ ಎಂದು ಹೊರಗಿನವರು ಅಂದರು. ಕಲ್ಲು ಯಾರದ್ದೋ, ಹೆಸರು ಕೊಟ್ಟವರು ಯಾರೋ, ಇವತ್ತಿಗೂ ನನಗೆ ಗೊತ್ತಿಲ್ಲ. ಅವತ್ತು ಇವರು ಮನೆಗೆ ಬಂದವರೇ ಚಪ್ಪಲಿ ಬಿಡುವ ಮೊದಲೇ ಹೇಳಿದರು: "ಇನ್ಮೇಲೆ ಆ ಮನೆ ಹೊಸ್ತಿಲು ತುಳಿದ್ರೆ ಈ ಮನೆಗೆ ಬರ್ಬೇಡ. ಆ ಮನೇದು ಒಂದು ತೊಟ್ಟು ನೀರು ನನ್ನ ಗಂಟಲಲ್ಲಿ ಇಳಿದ್ರೆ ನನ್ನ ಹೆಸರು ಬದಲಾಯಿಸು." ಎದುರು ಮನೆಯಲ್ಲೂ ಅದೇ ಹೊತ್ತಿಗೆ ಅದೇ ಮಾತು ನಡೆದಿತ್ತಂತೆ.

ಆ ತಿಂಗಳುಗಳ ಒಂಟಿತನವನ್ನು ಹೇಗೆ ಹೇಳಲಿ! ಅಕ್ಕ ದೂರದೂರಲ್ಲಿದ್ದಿದ್ದರೆ ಅಳಬಹುದಿತ್ತು. ಇಲ್ಲಿ ಅವಳು ಹತ್ತು ಮಾರು ಆಚೆ ಬಟ್ಟೆ ಒಣಹಾಕುತ್ತಿದ್ದಳು, ಅಕ್ಕಿ ಆರಿಸುತ್ತಿದ್ದಳು, ಮಗುವಿಗೆ ತಲೆ ಬಾಚುತ್ತಿದ್ದಳು. ನಾನು ಇಲ್ಲಿ ಕಿಟಕಿಯ ಸರಳು ಹಿಡಿದು ನಿಂತಿರುತ್ತಿದ್ದೆ. ಬೆಳಿಗ್ಗೆ ಎದ್ದರೆ ವಾಂತಿ, ತಲೆಸುತ್ತು. ಊರಿಗೆ ಕಳಿಸಿ ಅನ್ನಲು ಕೈಯಲ್ಲಿ ದುಡ್ಡಿಲ್ಲ. ಇವರು ಗೋಡೆ ನೋಡುತ್ತ ಕೂತಿರುತ್ತಿದ್ದರು. ನಲ್ಲಿಯಲ್ಲೂ ಎರಡು ಸಾಲು, ಒಳಗಿನವರದು ಒಂದು, ಹೊರಗಿನವರದು ಒಂದು. ಅಲ್ಲಿ ನನ್ನ ಕೊಡ ಅಕ್ಕನ ಕೊಡಕ್ಕೆ ತಾಗಿದರೂ ಹಿಂದಿನಿಂದ ಯಾರೋ ಕೆಮ್ಮುತ್ತಿದ್ದರು.

ಜಗಳ ದೊಡ್ಡದಾಗುತ್ತದೆ ಎಂದು ಶಾಲೆಯ ಅಂಗಳದಲ್ಲಿ ಶಾಂತಿ ಸಭೆ ಕರೆದರು. ಇನ್‌ಸ್ಪೆಕ್ಟರು ಬಂದರು, ಸಂಘದವರು ಬಂದರು, ಎರಡೂ ಕಡೆಯ ಹಿರಿಯರು ಕುರ್ಚಿ ಹಾಕಿಕೊಂಡು ಕೂತರು. ನಾವು ಹೆಂಗಸರು ಕಾಂಪೌಂಡಿನ ಆಚೆ ನಿಂತು ಇಣುಕುತ್ತಿದ್ದೆವು. ದೊಡ್ಡಮ್ಮ ಮಾತ್ರ ಸೀದಾ ಒಳಗೆ ಹೋಗಿ ಬೆಂಚಿನ ತುದಿಯಲ್ಲಿ ಕೂತರು.

"ಏನಮ್ಮಾ, ಏನಾದ್ರೂ ದೂರು ಇತ್ತಾ?" ಎಂದು ಇನ್‌ಸ್ಪೆಕ್ಟರು ಕೇಳಿದರು.

"ದೂರಲ್ಲ ಸಾರ್. ರಾಜಿ ಅಂದ್ರಲ್ಲ, ಅದಕ್ಕೇ ಬಂದೆ."

ಯಾರೋ ನಕ್ಕರು. ಬೀದಿಯ ಹಿರಿಯರೊಬ್ಬರು, "ಇದು ಗಂಡಸರ ವಿಷಯ ಕಣಮ್ಮ. ನೀವು ಹೋಗಿ ಒಂದಿಷ್ಟು ಕಾಫಿ ನೋಡ್ಕೊಳ್ಳಿ," ಎಂದರು.

ದೊಡ್ಡಮ್ಮ ಏಳಲಿಲ್ಲ. "ಗಂಡಸರ ವಿಷಯ ಆಗಿದ್ರೆ ನಲ್ಲಿ ಹತ್ರ ಕೊಡಕ್ಕೆ ಕೊಡ ಯಾಕೆ ಬಡೀತಾ ಇವೆ ಸಾರ್? ಆಡ್ತಾ ಇರೋ ಮಕ್ಕಳನ್ನ ಹಿಡಿದೆಳ್ಕೊಂಡು ಬರೋರು ಯಾರು? ನಾವು. ಬೀದೀಲಿ ಜಗಳ ಇಟ್ಕೊಂಡಿರೋರು ನಾವು, ರಾಜಿ ಮಾಡ್ಕೊಳ್ಳೋರು ಮಾತ್ರ ನೀವಾ?"

ಇನ್‌ಸ್ಪೆಕ್ಟರು ಗಡಿಯಾರ ನೋಡಿಕೊಂಡು, "ಆಯ್ತಮ್ಮ, ಆಯ್ತು. ಮುಂದಿನ ಸಭೇಲಿ ನೋಡೋಣ," ಎಂದರು. ಮುಂದಿನ ಸಭೆ ಅಂತ ಒಂದು ನಡೆಯಲೇ ಇಲ್ಲ, ಅದು ಬೇರೆ ಮಾತು. ದೊಡ್ಡಮ್ಮ ಎದ್ದು ಬಂದು ಕಾಫಿ ಕಾಯಿಸಿದರು. ಗಂಡಸರು ಕೈ ಕುಲುಕಿದರು, ಭಾಷಣ ಮಾಡಿದರು, ಬಾಳೆಹಣ್ಣು ಹಂಚಿದರು. "ಕಾಫಿ ಚೆನ್ನಾಗಿತ್ತು ಅಂದ್ರು ಕಣೇ," ಎಂದು ಮಾರನೆಯ ದಿನ ನನಗೆ ಹೇಳಿದರು. "ಮಾತು ಹೆಂಗಿತ್ತು ಅಂತ ಯಾರೂ ಹೇಳಲಿಲ್ಲ."

ಆ ಶಾಂತಿಯ ಆಯಸ್ಸು ಎರಡು ದಿನ. ನಲ್ಲಿಯ ಹತ್ತಿರ ಒಳಗಿನವರ ಮಗು ಹೊರಗಿನವರ ಕೊಡಕ್ಕೆ ಕೈ ಅದ್ದಿತು ಎಂದು ಮತ್ತೆ ಹತ್ತಿಕೊಂಡಿತು.

ಅವತ್ತೇ ಸಂಜೆ ದೊಡ್ಡಮ್ಮ ನಮ್ಮ ಬಾಗಿಲಿಗೆ ಬಂದರು. ಆದರೆ ಅವರ ಬಟ್ಟಲು ಖಾಲಿ ಇರಲಿಲ್ಲ. ಅದರಲ್ಲಿ ಒಂದು ಚಮಚ ಮೊಸರಿತ್ತು, ಮುಚ್ಚಿದ ಎಲೆಯ ಮೇಲೆ ಒಂದು ಚೂರು ನೆಲ್ಲಿಕಾಯಿ ಉಪ್ಪಿನಕಾಯಿ. ಬಟ್ಟಲು ನೋಡಿದೆ. ನನ್ನದೇ. ಅಡುಗೆಮನೆಗೆ ಓಡಿ ನೋಡಿದರೆ ನನ್ನ ಬಟ್ಟಲು ಗೂಡಿನಲ್ಲೇ ಇದೆ!

"ಯಾರ ಮನೇದು ದೊಡ್ಡಮ್ಮ ಇದು?" ಅಂದೆ.

"ಹೆಪ್ಪಿಗೆ ಯಾವ ಮನೇನೇ? ಹಾಕ್ಕೋ. ಈ ಬಟ್ಟಲು ಇಟ್ಕೊಂಡು ನಿಂದು ಕೊಡು. ನಾಳೆ ಇದಕ್ಕೆ ನಿನ್ನ ಮೊಸರು ಒಂದು ಚಮಚ ಹಾಕಿರು, ಬರ್ತೀನಿ."

ಬಸುರಿಯ ಬಾಯಿಗೆ ಆ ಉಪ್ಪಿನಕಾಯಿ ಚೂರು ತಾಗಿದಾಗ ನಾನು ಒಲೆಯ ಮುಂದೆ ಕೂತು ಬಿಕ್ಕಿ ಬಿಕ್ಕಿ ಅತ್ತೆ. ಅಕ್ಕನ ಕೈರುಚಿ ನನಗೆ ಗೊತ್ತಿಲ್ಲವೇ?

ಹಾಗೆ ಶುರುವಾಯಿತು. ದಿನಾ ಸಂಜೆ ಒಂದು ಬಟ್ಟಲು ಅತ್ತ ಹೋಗುತ್ತಿತ್ತು, ಒಂದು ಇತ್ತ ಬರುತ್ತಿತ್ತು. ಎರಡೂ ಒಂದೇ ಅಚ್ಚಿನವು, ಗಂಡಸರಿಗೆ ಏನು ತಿಳಿಯಬೇಕು? ನಾನು ಎಲೆಯ ಮೇಲೆ ಒಂದು ಹೂವಿಡುತ್ತಿದ್ದೆ, ಅಕ್ಕ ಒಂದು ಚೂರು ಬೆಲ್ಲ ಇಡುತ್ತಿದ್ದಳು. ದೊಡ್ಡಮ್ಮ ಒಂದು ಮಾತನ್ನೂ ಹೊತ್ತು ತರುತ್ತಿರಲಿಲ್ಲ. "ಅಕ್ಕ ಏನಂದ್ಲು?" ಎಂದು ಕಾಡಿದರೆ, "ಮಾತು ದಾರೀಲಿ ಹುಳಿ ಬರುತ್ತೆ ಕಣೇ. ನಾನು ಹೆಪ್ಪು ಮಾತ್ರ ತರೋಳು," ಎನ್ನುತ್ತಿದ್ದರು.

ನಮ್ಮಿಬ್ಬರದೇ ಗುಟ್ಟು ಎಂದುಕೊಂಡಿದ್ದೆ. ಅಲ್ಲ. ಅವರು ಎರಡೂ ಸಾಲಿನಲ್ಲಿ ಮನೆಮನೆಗೂ ಹಾಗೇ ತಿರುಗುತ್ತಿದ್ದರು. ಒಳಗಿನವರ ಮನೆಯ ಹೆಪ್ಪು ಹೊರಗಿನವರ ಹಾಲಿಗೆ, ಹೊರಗಿನವರದು ಒಳಗಿನವರ ಹಾಲಿಗೆ. ಅದಕ್ಕಾಗಿ ಬೈಸಿಕೊಂಡದ್ದೂ ಉಂಟು. "ಅವಳು ಆ ಕಡೆಯೋಳು" ಎಂದು ಇಬ್ಬರೂ ಹೇಳುತ್ತಿದ್ದರು. ಅವರ ಬಾಗಿಲ ಮುಂದೆ ಒಣಗಲು ಹರವಿದ್ದ ಊದುಬತ್ತಿಯ ಮೇಲೆ ಯಾರೋ ಒಂದು ಸಲ ನೀರು ಸುರಿದು ಹೋದರು. ದೊಡ್ಡಮ್ಮ ಕೂತು ಒಂದೊಂದೇ ಕಡ್ಡಿಯನ್ನು ಬಿಡಿಸಿ ಮತ್ತೆ ಬಿಸಿಲಿಗಿಟ್ಟರು. ಯಾರು ಮಾಡಿದ್ದು ಎಂದು ನಾನು ಕೂಗಾಡಿದರೆ, "ಸುಮ್ನಿರೇ, ಬಿಸಿ ಹಾಲಿಗೆ ಹೆಪ್ಪು ಹಾಕ್ಬಾರ್ದು. ಉಗುರು ಬೆಚ್ಚಗಾಗ್ಲಿ," ಎಂದರು.

ಅದು ಉಗುರು ಬೆಚ್ಚಗಾಗುವ ಬದಲು ಒಂದು ಬೆಳಿಗ್ಗೆ ಕುದಿಯಿತು. ಸಸ್ಪೆಂಡಾದವರು ಬೀದಿಯ ತುದಿಯಲ್ಲಿ ದೊಣ್ಣೆ, ಸೈಕಲ್ ಚೈನು ಹಿಡಿದು ನಿಂತರು. ಶಿಫ್ಟಿಗೆ ಹೊರಟ ಒಳಗಿನವರೂ ಬರಿಗೈಯಲ್ಲಿ ಬಂದಿರಲಿಲ್ಲ. ಇತ್ತ ಮುಂದೆ ನಮ್ಮ ಯಜಮಾನರು, ಅತ್ತ ಮುಂದೆ ಭಾವ. ಅವರ ಹುಬ್ಬಿನ ಹೊಲಿಗೆಯ ಗುರುತು ನನಗೆ ಬಾಗಿಲಿನಿಂದಲೇ ಕಾಣುತ್ತಿತ್ತು.

ನಡುವೆ ದೊಡ್ಡಮ್ಮ ಬಂದು ನಿಂತರು. ಎಡಗೈಯಲ್ಲಿ ಸೆರಗು, ಸೆರಗಿನಲ್ಲಿ ಬಟ್ಟಲು.

"ಹೆಪ್ಪು ಬೇಕಿತ್ತು," ಅಂದರು.

"ದೊಡ್ಡಮ್ಮಾ, ಪಕ್ಕಕ್ಕೆ ಹೋಗಿ, ಏಟು ಬಿದ್ದೀತು!" ಎಂದು ನಮ್ಮ ಯಜಮಾನರು ಕೂಗಿದರು.

"ಹೋಗ್ತೀನಪ್ಪ. ಒಂದು ಮಾತು ಹೇಳು. ನಿನ್ನೆ ರಾತ್ರಿ ಉಂಡ್ಯಲ್ಲ ಮೊಸರು, ಅದು ಯಾರ ಮನೇದು?"

"ನಮ್ಮನೇದು. ಇನ್ಯಾರದು?"

ದೊಡ್ಡಮ್ಮ ನಮ್ಮ ಬಾಗಿಲ ಕಡೆ ತಿರುಗಿದರು. "ಏ ಹುಡುಗೀ, ಮೊಸರಿನ ಪಾತ್ರೆ ತಗೊಂಡು ಆಚೆ ಬಾ. ಯಾರ ಮನೆ ಹೆಪ್ಪು ಹೇಳು."

ದೇವರೇ! ನಾನು ಪಾತ್ರೆ ಹಿಡಿದು ಹೊಸ್ತಿಲಿಗೆ ಬಂದೆ. ಎದುರಿಗೆ ಅಕ್ಕನೂ ಪಾತ್ರೆ ಹಿಡಿದು ಹೊರಗೆ ಬಂದು ನಿಂತಿದ್ದಳು. ಅವಳನ್ನು ಕಂಡದ್ದೇ ನನಗೆ ಎಲ್ಲಿಂದಲೋ ದನಿ ಬಂತು. "ಅಕ್ಕನ ಮನೇದು," ಎಂದೆ. "ನಂದು ತಂಗಿ ಮನೇದು," ಎಂದಳು ಅಕ್ಕ. ಪಕ್ಕದ ಬಾಗಿಲು ತೆರೆಯಿತು. ಅದರ ಪಕ್ಕದ್ದೂ ತೆರೆಯಿತು. ಎರಡೂ ಸಾಲಿನ ಹೆಂಗಸರು ಒಬ್ಬೊಬ್ಬರಾಗಿ ಮೊಸರಿನ ಪಾತ್ರೆ ಹಿಡಿದು ಬಂದು, ತಮ್ಮ ತಮ್ಮ ಹೊಸ್ತಿಲ ಮೇಲೆ ನಿಂತು ಎದುರು ಸಾಲಿನ ಮನೆಯೊಂದನ್ನು ತೋರಿಸಿದರು.

"ಒಂದು ತೊಟ್ಟು ನೀರು ಇಳಿಯಲ್ಲ ಅಂದ್ರಲ್ಲೋ," ಎಂದರು ದೊಡ್ಡಮ್ಮ, ಗಂಡಸರ ಕಡೆ ತಿರುಗಿ. "ಇಷ್ಟು ದಿನದಿಂದ ಒಬ್ಬರ ಮನೆ ಮೊಸರು ಒಬ್ರು ಉಣ್ತಾ ಇದೀರಿ. ಉಪ್ಪು ಹಾಕ್ಕೊಂಡೇ ಉಂಡಿದೀರಿ. ಉಪ್ಪು ತಿಂದ ಮನೆಗೆ ದೊಣ್ಣೆ ಎತ್ತೋ ಹಂಗಿದ್ರೆ ಎತ್ರಪ್ಪ, ನೋಡೋಣ."

ಮೊದಲು ಮಾತಾಡಿದವರು ಭಾವ. ಹುಬ್ಬು ಕೆರೆದುಕೊಂಡು, "ಅದಕ್ಕೇನಾ ಮೊಸರು ಅಷ್ಟು ಹುಳಿ ಬರ್ತಾ ಇದ್ದಿದ್ದು!" ಎಂದರು.

ನಮ್ಮ ಯಜಮಾನರಿಗೆ ಎಲ್ಲಿತ್ತೋ ರೋಷ. "ಹುಳಿ ನಿಮ್ಮನೇದು! ನಮ್ಮನೆ ಮೊಸರು ಯಾವತ್ತಾದ್ರೂ ಹುಳಿ ಇತ್ತಾ?" ಎಂದರು.

ಅಷ್ಟು ತಿಂಗಳಲ್ಲಿ ಅವರಿಬ್ಬರು ಒಬ್ಬರಿಗೊಬ್ಬರು ಆಡಿದ ಮೊದಲ ಮಾತು ಅದು. ಯಾರೋ ಕಿಸಕ್ಕನೆ ನಕ್ಕರು, ನಗು ಬೀದಿಯುದ್ದಕ್ಕೂ ಹರಡಿತು. ಆಗ ದೊಣ್ಣೆ ಹಿಡಿದು ನಿಲ್ಲುವುದು ಕಷ್ಟ. ತಬ್ಬಿಕೊಳ್ಳಲಿಲ್ಲ, ಕ್ಷಮೆ ಕೇಳಲಿಲ್ಲ, ಅಂಥದ್ದೇನೂ ನಡೆಯಲಿಲ್ಲ. ಅವರು ಶಿಫ್ಟಿಗೆ ಹೋದರು, ಇವರು ಮನೆಗೆ ಬಂದರು. ಸಂಜೆ ನಾನು ಸೆರಗು ಸರಿಮಾಡಿಕೊಂಡು ಬೀದಿ ದಾಟಿದೆ. ಹೋಗು ಎಂದು ಇವರು ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಅಕ್ಕ ನನ್ನ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಬಹಳ ಹೊತ್ತು ಕೂತಿದ್ದಳು.

ಕೆಲವು ವಾರಗಳಲ್ಲಿ ಸಸ್ಪೆಂಡಾದವರನ್ನೂ ಕೆಲಸಕ್ಕೆ ಕರೆದರು. ಅದೇ ಶಾಲೆಯ ಅಂಗಳದಲ್ಲಿ ಶಾಂತಿ ಸಮಿತಿಯವರಿಗೆ ಹಾರ ಹಾಕಿದರು. ದೊಡ್ಡಮ್ಮನನ್ನು ಕರೆಯಲಿಲ್ಲ. ನಾನು ಹಲ್ಲು ಕಡಿಯುತ್ತಿದ್ದರೆ ಅವರು, "ಹಾರ ಹಾಕಿಸ್ಕೊಂಡ್ರೆ ಕುತ್ತಿಗೆ ಕೆರೆಯುತ್ತೆ ಬಿಡೇ," ಎಂದು ಬತ್ತಿ ಹೊಸೆಯುತ್ತಿದ್ದರು.

ಆದರೆ ಇನ್ನೊಂದನ್ನು ನಾನು ಗಮನಿಸಿದೆ. ಬೀದಿ ಕೂಡಿಕೊಂಡ ಮೇಲೆ ಹೆಂಗಸರು ನೇರವಾಗಿ ಒಬ್ಬರ ಮನೆಗೊಬ್ಬರು ಹೋಗತೊಡಗಿದರು. ಮೂಲೆಮನೆಯ ಕಡೆ ಹೋಗುವವರು ಕಡಿಮೆಯಾದರು. ಅತ್ತದ್ದನ್ನು ಕಂಡವರನ್ನು ನಗುವಾಗ ಕರೆಯಲು ಜನಕ್ಕೆ ಸಂಕೋಚ. ದೊಡ್ಡಮ್ಮ ಎಲ್ಲರ ಅಳುವನ್ನೂ ಕಂಡವರು. ಸಂಜೆ ಅವರು ಹೊಸ್ತಿಲ ಮೇಲೆ ಖಾಲಿ ಬಟ್ಟಲು ಪಕ್ಕಕ್ಕಿಟ್ಟುಕೊಂಡು ಸುಮ್ಮನೆ ಕೂತಿರುತ್ತಿದ್ದರು.

ನನ್ನ ಸೀಮಂತಕ್ಕೆ ಕರೆಯಲು ನಾನೂ ಅಕ್ಕನೂ ಹೋದೆವು. "ನೀವೇ ಮೊದಲು ಬಳೆ ತೊಡಿಸ್ಬೇಕು ದೊಡ್ಡಮ್ಮ. ಯಾರೇನಂತಾರೋ ನಾನೂ ನೋಡ್ತೀನಿ," ಎಂದೆ.

ಅವರು ಬತ್ತಿ ಹೊಸೆಯುವುದನ್ನು ನಿಲ್ಲಿಸಿದರು. "ಬೇಡ ಕಣೇ. ಒಂದ್ಸಲ ಎದ್ದು ಬಂದಿದೀನಿ. ಇನ್ನೊಂದ್ಸಲ ಎದ್ದು ಬರೋ ಶಕ್ತಿ ಇಲ್ಲ."

ಅವತ್ತು ತಿಳಿಯಿತು, ಅವರಿಗೂ ಒಬ್ಬಳು ತಂಗಿ ಇದ್ದಾಳೆ ಎಂದು. ಇಲ್ಲೇ, ಕೆಂಗೇರಿಯಲ್ಲಿ. ಗಂಡ ತೀರಿಕೊಂಡ ಮರುವರ್ಷ ತಂಗಿಯ ಮಗಳ ಮದುವೆಗೆ ಹೋಗಿದ್ದರು. ಎತ್ತಿ ಆಡಿಸಿದ ಹುಡುಗಿ. ಆರತಿಯ ಹೊತ್ತಿಗೆ ಮುಂದೆ ಹೋದಾಗ ತಂಗಿಯೇ ಬಂದು ಕಿವಿಯಲ್ಲಿ, "ಅಕ್ಕ, ನೀನು ಸ್ವಲ್ಪ ಹಿಂದೆ ಇರು," ಎಂದಳಂತೆ. ಇವರು ಊಟಕ್ಕೂ ಕೂರದೆ ಎದ್ದು, "ಇನ್ನು ನಿನ್ನ ಹೊಸ್ತಿಲು ತುಳಿಯಲ್ಲ," ಎಂದು ಹೇಳಿ ಬಂದರಂತೆ. ಅಷ್ಟೇ. ಅದಾದ ಮೇಲೆ ಅವಳೂ ಬರಲಿಲ್ಲ, ಇವರೂ ಹೋಗಲಿಲ್ಲ.

"ಬೀದಿಗೆಲ್ಲ ಹೆಪ್ಪು ಹಂಚಿದ್ರಿ," ಎಂದಳು ಅಕ್ಕ ಮೆಲ್ಲಗೆ.

"ನಮ್ಮಿಬ್ಬರ ನಡುವೆ ಬಟ್ಟಲು ಹಿಡ್ಕೊಂಡು ಓಡಾಡೋರು ಯಾರಿದ್ರೇ? ನಮ್ಮದು ಆರಿ ತಣ್ಣಗಾಗಿರೋ ಹಾಲು. ಅದಕ್ಕೆ ಹೆಪ್ಪು ಕೂರಲ್ಲ."

"ತಣ್ಣಗಾಗಿದ್ರೆ ಮತ್ತೆ ಬೆಚ್ಚಗೆ ಮಾಡಿದ್ರಾಯ್ತು," ಎಂದಳು ಅಕ್ಕ. ದೊಡ್ಡಮ್ಮ ಮತ್ತೆ ಬತ್ತಿ ಹೊಸೆಯತೊಡಗಿದರು.

ನನ್ನ ಮಗನಿಗೆ ಐದಾರು ತಿಂಗಳಾದಾಗ, ನಾವಿಬ್ಬರೂ ಮಗುವನ್ನೆತ್ತಿಕೊಂಡು ಮೆಜೆಸ್ಟಿಕ್‌ಗೆ ಹೋಗಿ ಕೆಂಗೇರಿ ಬಸ್ಸು ಹತ್ತಿದೆವು. ಆಗ ಕೆಂಗೇರಿ ಅಂದರೆ ಬೇರೆ ಊರೇ. ವಿಚಾರಿಸಿಕೊಂಡು ಮನೆ ಹುಡುಕಿದೆವು. ಬಾಗಿಲಿಗೆ ಬಂದ ಹೆಂಗಸಿಗೆ ದೊಡ್ಡಮ್ಮನದೇ ಮೂಗು, ದೊಡ್ಡಮ್ಮನದೇ ಗಲ್ಲ. ಕೂದಲು ಮಾತ್ರ ಪೂರಾ ಬೆಳ್ಳಗೆ. ಅಕ್ಕ ಖಾಲಿ ಬಟ್ಟಲು ಮುಂದೆ ಹಿಡಿದು ದೊಡ್ಡಮ್ಮ ಕಲಿಸಿದ ವಿದ್ಯೆಯನ್ನೇ ಪ್ರಯೋಗಿಸಿದಳು.

"ರಾಜಾಜಿನಗರದಿಂದ ಬಂದ್ವಿ. ನಿಮ್ಮಕ್ಕ ಕಳಿಸಿದ್ರು. ಒಂದು ಚಮಚ ಹೆಪ್ಪು ಬೇಕಂತೆ."

ಆಕೆ ಬಟ್ಟಲನ್ನು ನೋಡಿದರು, ನಮ್ಮನ್ನು ನೋಡಿದರು. "ಅಲ್ಲಿಂದ ಇಲ್ಲೀವರೆಗೆ ಹೆಪ್ಪಿಗಾ?" ಎಂದರು. ತುಟಿ ಅದುರಿತು. ಮರುಗಳಿಗೆ ಮುಖ ಬಿಗಿಯಿತು. "ನಮ್ಮನೇಲಿ ಮೊಸರಿಲ್ಲ ಅನ್ನಿ." ಬಾಗಿಲು ಹಾಕಿಕೊಂಡರು. ಅವರ ಹಿಂದೆ ನಡುಮನೆಯ ಕಂಬಕ್ಕೆ ಒರಗಿಸಿದ್ದ ಕಡೆಗೋಲು ನಮಗೆ ಚೆನ್ನಾಗಿಯೇ ಕಂಡಿತ್ತು.

ಊರಿಗೆ ಬಂದು ಬಸ್ಸಿಳಿದು ಬೀದಿಗೆ ತಿರುಗುವಾಗ ದೊಡ್ಡಮ್ಮ ಹೊಸ್ತಿಲ ಮೇಲೇ ಇದ್ದರು. "ಎಲ್ಲಿಗೆ ಹೋಗಿದ್ರೇ ಇಬ್ರೂ?"

"ಗಾಳಿ ಆಂಜನೇಯನ ಗುಡಿಗೆ, ಮಗೂಗೆ ತಾಯತ ಕಟ್ಟಿಸೋಕೆ," ಎಂದೆ.

"ದೇವಸ್ಥಾನಕ್ಕೆ ಹೋಗೋರು ಖಾಲಿ ಬಟ್ಟಲು ತಗೊಂಡು ಹೋಗ್ತಾರಾ?"

ನಾವು ತಲೆ ತಗ್ಗಿಸಿದೆವು. ಬೈಯುತ್ತಾರೆ ಎಂದುಕೊಂಡೆ. ಅವರು ತಮ್ಮ ಕಪ್ಪು ಅಂಗೈಯನ್ನೇ ನೋಡುತ್ತ ಕೇಳಿದರು: "ಅವಳ ತಲೆಕೂದಲು ಬೆಳ್ಳಗಾಗಿದ್ಯಾ?"

"ಪೂರಾ ಆಗಿದೆ ದೊಡ್ಡಮ್ಮ."

"ನನಗಿಂತ ಎಂಟು ವರ್ಷ ಚಿಕ್ಕೋಳು," ಎಂದರು. ಒಳಗೆ ಹೋಗಿ ದೀಪ ಹಚ್ಚಿದರು. ಆ ಮಾತು ಮತ್ತೆ ಎತ್ತಲಿಲ್ಲ.

ಮುಂದಿನ ವರ್ಷ ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಮೂಲೆಮನೆಯ ಬಾಗಿಲು ತೆರೆಯಲಿಲ್ಲ. ನಿದ್ದೆಯಲ್ಲೇ ಹೋಗಿದ್ದರು. ಹೊಸೆದ ಬತ್ತಿ ಗೋಡೆಯ ಪಕ್ಕ ಒಪ್ಪವಾಗಿ ಕೂತಿತ್ತು. ಹೆಣ ಎತ್ತುವ ತನಕ ಬೀದಿಯಲ್ಲಿ ಯಾರೂ ಒಲೆ ಹಚ್ಚಲಿಲ್ಲ. ಒಳಗಿನವರು ಹೊರಗಿನವರು ಎಲ್ಲ ಸೇರಿ ಚಟ್ಟ ಕಟ್ಟಿದರು. ಕೆಂಗೇರಿಗೆ ಸುದ್ದಿ ಮುಟ್ಟಿಸಲು ಭಾವ ಸೈಕಲ್ ತೆಗೆದರೆ ನಮ್ಮ ಯಜಮಾನರು ಮಾತಿಲ್ಲದೆ ಹಿಂದೆ ಹತ್ತಿ ಕೂತರು. ಅವರಿಬ್ಬರು ಒಂದೇ ಸೈಕಲ್ಲಿನಲ್ಲಿ ಹೋಗುವುದನ್ನು ದೊಡ್ಡಮ್ಮ ನೋಡಬೇಕಿತ್ತು ಎಂದು ನಾನು ಗೋಳೋ ಎಂದು ಅತ್ತೆ.

"ನೀವು ನಡೀರಿ, ಬರ್ತೀನಿ," ಎಂದಿದ್ದರಂತೆ ತಂಗಿ. ಮಧ್ಯಾಹ್ನ ಬಿಸಿಲಿಳಿಯುವವರೆಗೂ ಕಾದೆವು. ಬರಲಿಲ್ಲ. ಗಂಡಸರು ಹೆಣ ಎತ್ತಿಕೊಂಡು ಹೋದರು. ನಾವು ಹೆಂಗಸರು ಮನೆ ತೊಳೆದು, ಅವರು ಮಲಗಿದ್ದ ಜಾಗದಲ್ಲಿ ದೀಪ ಹಚ್ಚಲು ಬತ್ತಿ ಹೊಸೆಯುತ್ತಿದ್ದೆವು. ಆಗ ಬಾಗಿಲಲ್ಲಿ ನೆರಳು ಬಿತ್ತು.

ಆ ಬಿಳಿಯ ತಲೆ, ಆ ಮೂಗು. ಸೆರಗಿನೊಳಗೆ ಏನನ್ನೋ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ಖಾಲಿ ನೆಲವನ್ನು ನೋಡಿದರು. ಹೊಸ್ತಿಲು ದಾಟಲಿಲ್ಲ.

"ಎತ್ಬಿಟ್ರಾ?" ಎಂದರು.

ಅಕ್ಕ ಎದ್ದು ಹೋಗಿ ಅವರ ತೋಳು ಹಿಡಿದುಕೊಂಡಳು. ಆಕೆ ಸೆರಗು ಸರಿಸಿದರು. ಒಂದು ಪುಟ್ಟ ಡಬ್ಬಿ.

"ಅವತ್ತು ಕೇಳಿ ಕಳಿಸಿದ್ಲಲ್ಲ, ಹೆಪ್ಪು. ತಂದಿದೀನಿ. ದೀಪ ಹಚ್ಚೋ ಹೊತ್ತಲ್ಲಿ ಹೆಪ್ಪು ಕೊಡಬಾರದು ಅಂತಾರೆ..." ಮತ್ತೆ, "ಕೊಡ್ಲಿಲ್ಲ ಅಂತ ಬೇಜಾರು ಮಾಡ್ಕೊಂಡ್ಲಾ?" ಎಂದು ಕೇಳಿದರು.

ದೊಡ್ಡಮ್ಮ ಹೆಪ್ಪು ಕೇಳಿ ಕಳಿಸಿರಲಿಲ್ಲ, ಅದು ನಮ್ಮ ಸುಳ್ಳು. ನನ್ನ ಬಾಯಿಗೆ ನಿಜ ಬಂದೇ ಬಿಟ್ಟಿತ್ತು. ಅಷ್ಟರಲ್ಲಿ ಅಕ್ಕ ಹೇಳಿದಳು.

"ಇಲ್ಲಮ್ಮ. ಬೇಜಾರೇನೂ ಮಾಡ್ಕೊಳ್ಳಲಿಲ್ಲ. ನಿಮ್ಮ ತಲೆಕೂದಲು ಬೆಳ್ಳಗಾಗಿದ್ಯಾ ಅಂತ ಕೇಳಿದ್ರು."

ಆಕೆಯ ಕೈ ತಾನಾಗಿ ತಲೆಯ ಮೇಲೆ ಹೋಯಿತು. ಹಾಗೇ ಹೊಸ್ತಿಲ ಮೇಲೆ, ದೊಡ್ಡಮ್ಮ ದಿನಾ ಕೂರುತ್ತಿದ್ದ ಜಾಗದಲ್ಲೇ ಕುಸಿದು ಕೂತು ಅತ್ತರು. ನಾವು ಬೇಡವೆನ್ನಲಿಲ್ಲ.

ನಾನು ಮನೆಗೆ ಹೋಗಿ ಒಲೆ ಹಚ್ಚಿ ಹಾಲು ಕಾಯಿಸಿದೆ. ಉಗುರು ಬೆಚ್ಚಗಾಗುವ ತನಕ ಕಾದು ತಂದು ಅವರ ಮುಂದಿಟ್ಟೆ. "ನೀವೇ ಹಾಕಿ," ಎಂದೆ. ಅವರು ಡಬ್ಬಿಯ ಮೊಸರನ್ನು ಒಂದು ಚಮಚ ಹಾಲಿಗೆ ಬಿಟ್ಟರು. ಬಿಸಿಲಲ್ಲಿ ಬಂದ ಮೊಸರು ಹುಳಿಯಾಗಿತ್ತು, ಮೂಗಿಗೇ ಬಡಿಯುತ್ತಿತ್ತು. ಆದರೂ ಬೆಳಿಗ್ಗೆ ನೋಡಿದರೆ ಕಲ್ಲಿನ ಹಾಗೆ ಹೆಪ್ಪುಗಟ್ಟಿತ್ತು. ಬೀದಿಯ ಎರಡೂ ಸಾಲಿಗೆ ನಾನೂ ಅಕ್ಕನೂ ಹಂಚಿದೆವು.

ಭಾವ ಇಲ್ಲ, ನಮ್ಮ ಯಜಮಾನರಿಲ್ಲ, ಅಕ್ಕನೂ ಹೋದಳು. ಈಗ ಎಲ್ಲರ ಮನೆಗೂ ಮೊಸರು ಪ್ಯಾಕೆಟ್ಟಿನಲ್ಲಿ ಬರುತ್ತದೆ, ಯಾರೂ ಯಾರನ್ನೂ ಏನೂ ಕೇಳಬೇಕಾಗಿಲ್ಲ. ನಾನು ಈಗಿರುವ ಫ್ಲಾಟಿನ ಪಕ್ಕದ ಮನೆಯ ಅತ್ತೆ ಸೊಸೆ ವಾರದಿಂದ ಮಾತು ಬಿಟ್ಟಿದ್ದಾರೆ, ಗೋಡೆಯಾಚೆ ಕೇಳಿಸುತ್ತದೆ. ನಿನ್ನೆ ಸಂಜೆ ಗೂಡಿನಿಂದ ಅಮ್ಮ ಕೊಟ್ಟ ಬಟ್ಟಲು ತೆಗೆದು, ಸೆರಗಿಗೆ ಒರೆಸಿಕೊಂಡು, ಅವರ ಬೆಲ್ ಒತ್ತಿದೆ.